ಹೆಸರು ಹುಡುಕಲು ಹೊರಟ ಹುಡುಗರಿಗೆ

ತಮ್ಮಾ, ಖುಕ್ರಿ ಹಡಗಿನಲ್ಲಿ ತೀರಿಕೊಂಡವರ ಪೈಕಿ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರು ಇದ್ದಾರೇನು ಅಂತ ನೀನೂ ನಿನ್ನ ಗೆಳೆಯರೂ ಹುಡುಕಲು ಹೊರಟಿದ್ದೀರಿ. ಕೇಳಿ ಎದೆ ತುಂಬಿತು. ಹೊರಡುವ ಮುಂಚೆ ನಾಲ್ಕು ಮಾತು ಕೇಳಿಸಿಕೋ.

1971ರ ಡಿಸೆಂಬರ್ 9ರ ರಾತ್ರಿ ದಿಯು ಕರಾವಳಿಯಾಚೆ, ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಹೊಡೆದ ಟಾರ್ಪಿಡೊಗೆ ಐ.ಎನ್.ಎಸ್. ಖುಕ್ರಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಹಡಗು ಬಿಟ್ಟು ಕದಲದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರ ಹೆಸರು ದೇಶಕ್ಕೆಲ್ಲ ಗೊತ್ತು. ಉಳಿದವರಲ್ಲಿ ಬಹಳ ಜನರ ಹೆಸರು ಅವರವರ ಮನೆಯವರಿಗಷ್ಟೇ ನೆನಪು. ಹಡಗಿನೊಂದಿಗೆ ಮುಳುಗಿದವನಿಗೆ ಮಣ್ಣೂ ಇಲ್ಲ, ಚಿತೆಯೂ ಇಲ್ಲ, ಹೂವಿಡಲು ಒಂದು ಸಮಾಧಿಯೂ ಇಲ್ಲ. ಅದಕ್ಕೇ ಅವನ ಹೆಸರಿನ ಒಂದಕ್ಷರವನ್ನೂ ಹಗುರವಾಗಿ ಬರೆಯಬೇಡ.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಹೆಸರುಗಳಿಂದ ಶುರುಮಾಡು. ಆಮೇಲೆ ಬೆಳಗಾವಿಯ ಸೈನಿಕ ಕಲ್ಯಾಣ ಕಚೇರಿಗೆ ಅರ್ಜಿ ಹಿಡಿದುಕೊಂಡು ಹೋಗು. ಇಂಗ್ಲಿಷ್ ಕಾಗದದಲ್ಲಿ ನಮ್ಮ ಯಲ್ಲಪ್ಪ ಒಂದು ಕಡೆ ಯೆಲ್ಲಪ್ಪ, ಇನ್ನೊಂದು ಕಡೆ ಯಲಪಾ ಆಗಿರುತ್ತಾನೆ. ಅಪ್ಪನ ಹೆಸರು ಒಂದೇ ಅಕ್ಷರಕ್ಕೆ ಇಳಿದಿರುತ್ತದೆ. ಪಾಟೀಲ ಅನ್ನುವ ಅಡ್ಡಹೆಸರು ನಮ್ಮಲ್ಲಿ ಯಾವ ಊರಲ್ಲಿಲ್ಲ ಹೇಳು? ಮೂಡಲಗಿ ತಾಲ್ಲೂಕಾಗಿದ್ದು ಮೊನ್ನೆ ಮೊನ್ನೆ. 1971ರಲ್ಲಿ ಅದು ಗೋಕಾಕ ತಾಲ್ಲೂಕಿನ ಊರು, ಹಳೇ ಕಾಗದದಲ್ಲಿ ಗೋಕಾಕ ಅಂತಲೇ ಇರಬಹುದು. ತಂದೆ, ಊರು, ಸರ್ವಿಸ್ ನಂಬರ್ ಮೂರೂ ತಾಳೆಯಾಗುವ ತನಕ ಯಾರನ್ನೂ ನಮ್ಮವನು ಅನ್ನಬೇಡ. ಒಬ್ಬರೂ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆ. ಊರಿನ ಅಭಿಮಾನಕ್ಕೆ ಇನ್ನೊಬ್ಬ ತಾಯಿಯ ಮಗನನ್ನು ಎಳೆದು ತರಬಾರದು.

ಅಡುಗೆಯವನು, ಬಟ್ಲರ್, ಕಸ ಗುಡಿಸುವವನು ಅಂತ ಯಾರನ್ನೂ ಪಟ್ಟಿಯ ಕೊನೆಗೆ ತಳ್ಳಬೇಡ. ಹಿಂದೆ ಹೀಗೆ ಭೇದ ಮಾಡಿದ್ದುಂಟು. ಮೊದಲ ಮಹಾಯುದ್ಧದಲ್ಲಿ ಮರಾಠಾ ಪಲ್ಟಣಗಳು ಮೆಸಪೊಟೇಮಿಯಾಕ್ಕೆ ಹೋಗಿದ್ದವು. ಅಲ್ಲಿ ಸತ್ತವರಿಗಾಗಿ ಬಾಸ್ರಾದಲ್ಲಿ ಸ್ಮಾರಕ ಕಟ್ಟಿದಾಗ ಭಾರತೀಯರಲ್ಲಿ ಅಧಿಕಾರಿಗಳ ಹೆಸರನ್ನಷ್ಟೇ ಕೆತ್ತಿದರು. ಸಾಮಾನ್ಯ ಸಿಪಾಯಿಗಳನ್ನು ಪಲ್ಟಣವಾರು ಲೆಕ್ಕ ಮಾಡಿ ಬಿಟ್ಟರು. ಸತ್ತವರನ್ನು ಹೀಗೆ ಭೇದ ಮಾಡಿ ನೆನೆದದ್ದಕ್ಕೆ ಬ್ರಿಟಿಷ್ ಸರ್ಕಾರ ಕ್ಷಮೆ ಕೇಳಿದ್ದು 2021ರಲ್ಲಿ. ಅಷ್ಟರಲ್ಲಿ ಆ ಸಿಪಾಯಿಗಳ ಮಕ್ಕಳೂ ಕಾಲವಾಗಿದ್ದರು. ನಮಗೆ ಇನ್ನೂ ಸಮಯವಿದೆ. ಖುಕ್ರಿಯವರ ಹೆಂಡತಿ, ತಮ್ಮ, ತಂಗಿ ಇಂದಿಗೂ ಬದುಕಿರಬಹುದು. ಈ ಕೆಲಸಕ್ಕೆ ಅವಸರವಿದ್ದರೆ ಅದೊಂದೇ ಕಾರಣಕ್ಕೆ.

ಅಂಥವರ ಮನೆ ಸಿಕ್ಕಿತು ಅಂತ ಮೊಬೈಲ್ ಹಿಡಿದು ನುಗ್ಗಬೇಡ. ಆ ಊರಿನ ಮಾಜಿ ಸೈನಿಕರೊಬ್ಬರನ್ನು ಮುಂದೆ ಮಾಡಿಕೊಂಡು ಹೋಗು. ಆ ಮನೆಯ ಅವ್ವ ಟ್ರಂಕಿನಿಂದ ಹಳೇ ಟೆಲಿಗ್ರಾಂ ತೆಗೆದರೆ ಅಲ್ಲೇ ಕುಳಿತು ನಕಲು ಮಾಡಿಕೋ, ಒಯ್ದು ತಂದುಕೊಡುತ್ತೇನೆ ಅನ್ನಬೇಡ. ಫೋಟೊ ಬೇಡ ಅಂದರೆ ಬೇಡ. ಏಳುವ ಮುಂಚೆ ಬರೆದುಕೊಂಡದ್ದನ್ನೆಲ್ಲ ಅವಳ ಮುಂದೆ ನಿಧಾನಕ್ಕೆ ಓದಿ ಹೇಳು. ತಪ್ಪಿದ್ದರೆ ಅವಳ ಕಣ್ಣೆದುರಿಗೇ ತಿದ್ದಿಕೋ.