ಹಳೆಯ ಪಾಸ್‌ವರ್ಡ್ ಕೇಳಿದರೆ ಅಲ್ಲೇ ನಿಲ್ಲಿ

ಊರಿನಿಂದ ಅಪ್ಪ, ಅಮ್ಮ, ಅತ್ತೆ, ಮಾವನನ್ನು ಕರೆಸಿಕೊಂಡು, ಹೊತ್ತು ಹೋಗಲಿ ಎಂದು ಅವರ ಕೈಗೊಂದು ಕ್ರೋಮ್‌ಬುಕ್ ಕೊಡುವ ನಮ್ಮಂಥವರು ಇದನ್ನು ಓದಲೇಬೇಕು. ನನ್ನ ಮೈದುನನೂ ಓದಲಿ. ಅವನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅಪ್ಪನ ಊರು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. 1964ರಲ್ಲಿ ಅಣೆಕಟ್ಟು ಮುಗಿದಾಗ ಅವರಿನ್ನೂ ಶಾಲೆಗೆ ಹೋಗುವ ಹುಡುಗ. ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಸಾಗರದ ಮನೆಯಲ್ಲಿ ಕೂತು ಆ ಊರಿನ ಕಥೆಯನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡತೊಡಗಿದರು. 2019ರ ಬೇಸಿಗೆಯಲ್ಲಿ ಸ್ವೀಡನ್ನಿನ ನಮ್ಮ ಮನೆಗೆ ಬಂದಾಗ ಅರ್ಧ ಬರಹ ಪೆನ್‌ಡ್ರೈವ್‌ನಲ್ಲಿತ್ತು. ಉಳಿದರ್ಧವನ್ನು ಇಲ್ಲೇ ಮುಗಿಸುತ್ತೇನೆ ಅಂದರು. ಕೊಟ್ಟಿಗೆ ಬಿಟ್ಟು ಬರಲಾಗದೆ ಅಮ್ಮ ಊರಲ್ಲೇ ಉಳಿದರು.

ನಮ್ಮ ವಿಂಡೋಸ್ ಲ್ಯಾಪ್‌ಟಾಪ್ ಆಗಲೇ ಕೈಕೊಟ್ಟಿತ್ತು. ಅಂಗಡಿಯವನು ಕ್ರೋಮ್‌ಬುಕ್ ತೋರಿಸಿ, ಇಲ್ಲಿನ ಶಾಲೆಮಕ್ಕಳೆಲ್ಲ ಇದನ್ನೇ ಬಳಸುವುದು, ವೈರಸ್ ಕಾಟವಿಲ್ಲ, ಬರೆದದ್ದನ್ನು ತಾನೇ ಉಳಿಸಿಕೊಳ್ಳುತ್ತದೆ ಎಂದ. ಮೊದಲೆರಡು ಮಾತು ಬಹುಮಟ್ಟಿಗೆ ನಿಜ. ಸ್ವೀಡನ್ನಿನ ಎಷ್ಟೋ ಕೊಮ್ಮೂನ್‌ಗಳು, ಅಂದರೆ ಸ್ಥಳೀಯ ಆಡಳಿತಗಳು, ತಮ್ಮ ಶಾಲೆಯ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದರಂತೆ ಇಂಥ ಯಂತ್ರ ಕೊಡುತ್ತವೆ, ನನ್ನ ಮಗಳಿಗೂ ಕೊಟ್ಟಿದ್ದರು. ಮೂರನೆಯ ಮಾತೇ ನಮ್ಮನ್ನು ಮುಳುಗಿಸಿದ್ದು.

ನಾನಿರುವ ಲಿನ್‌ಶೋಪಿಂಗ್‌ಗೆ ಬರೆದದ್ದನ್ನೆಲ್ಲ ಜಾಲದಲ್ಲಿಡುವ ಈ ಕಲ್ಪನೆ ಹೊಸದಲ್ಲ. ಗೂಗಲ್ 2009ರ ಜುಲೈನಲ್ಲಿ ಕ್ರೋಮ್‌ಬುಕ್ ನಡೆಸುವ ಕ್ರೋಮ್ ಓಎಸ್ ಘೋಷಿಸುವ ಮೊದಲೇ ಈ ಊರಿನ ಎಕ್ಸೆರಿಯಾನ್ ಎಂಬ ಕಂಪನಿ ಬ್ರೌಸರ್ ಒಳಗೇ ನಡೆಯುವ ಆಪರೇಟಿಂಗ್ ಸಿಸ್ಟಂ ಕಟ್ಟಲು ಹೊರಟಿತ್ತು. ಐಕ್ಲೌಡ್ ಎಂಬ ಹೆಸರು ಮೊದಲಿದ್ದದ್ದು ಅವರ ಸೇವೆಗೇ. 2011ರಲ್ಲಿ ಆ ವಿಳಾಸ ಆಪಲ್ ಪಾಲಾಗಿ, ಇವರದು ಕ್ಲೌಡ್‌ಮಿ ಆಯಿತು. ಅದೇ ವರ್ಷ ಸ್ಯಾಮ್‌ಸಂಗ್ ಮತ್ತು ಏಸರ್ ತಯಾರಿಸಿದ ಮೊದಲ ಕ್ರೋಮ್‌ಬುಕ್‌ಗಳು ಮಾರಾಟಕ್ಕೆ ಬಂದವು. ಗೂಗಲ್, ಎಕ್ಸೆರಿಯಾನ್ ಇಬ್ಬರ ಕನಸೂ ಒಂದೇ: ಯಂತ್ರ ಹಗುರವಾಗಿರಲಿ, ಸರಕೆಲ್ಲ ಜಾಲದಲ್ಲಿರಲಿ. ಎಲ್ಲವೂ ನಿಜಕ್ಕೂ ಜಾಲದಲ್ಲಿದ್ದರೆ ಇದು ಒಳ್ಳೆಯ ಏರ್ಪಾಡೇ. ಯಂತ್ರ ಕಳೆದರೂ, ಒಡೆದರೂ ಕಳವಳಪಡಬೇಕಿಲ್ಲ.

ಅಪ್ಪನ ಬರಹ ಮಾತ್ರ ಜಾಲದಲ್ಲಿರಲಿಲ್ಲ. ಮೊದಲ ತೊಡಕು ನುಡಿಯದು. ಪೆನ್‌ಡ್ರೈವ್ ಚುಚ್ಚಿ ಕಡತ ತೆರೆದರೆ ಕನ್ನಡದ ಒಂದಕ್ಷರವಿಲ್ಲ, ಬರೀ ಇಂಗ್ಲಿಷ್ ಅಕ್ಷರ, ತಲೆಬುಡವಿಲ್ಲದ ಚಿಹ್ನೆಗಳು. ಹಳೆಯ ನುಡಿ, ಬರಹ ತಂತ್ರಾಂಶಗಳ ಕಡತಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಇದ್ದರಷ್ಟೇ ಕನ್ನಡ ಕಾಣುತ್ತದೆ, ಆ ಫಾಂಟನ್ನು ಈ ಯಂತ್ರಕ್ಕೆ ತುಂಬಲು ನಮಗೆ ದಾರಿ ಸಿಗಲಿಲ್ಲ. ಅಪ್ಪನ ಮುಖ ಬಾಡಿಹೋಯಿತು. ಕನ್ನಡದ ಹುಡುಗರೇ ಮಾಡಿಟ್ಟಿರುವ ಪರಿವರ್ತಕಗಳು ಜಾಲದಲ್ಲಿವೆ. ಪಠ್ಯವನ್ನೆಲ್ಲ ಅದರಲ್ಲಿ ಹಾಕಿ ತೆಗೆದು, ಅಲ್ಲಲ್ಲಿ ಕೆಟ್ಟಿದ್ದ ಒತ್ತಕ್ಷರಗಳನ್ನು ತಿದ್ದಿ, ಗೂಗಲ್ ಡಾಕ್ಸ್‌ಗೆ ಸೇರಿಸಿದೆ. ಆ ಅರ್ಧ ಇವತ್ತಿಗೂ ಉಳಿದಿದೆ.

ಹೊಸದಾಗಿ ಬರೆಯುವುದನ್ನೂ ಅಲ್ಲೇ ಬರೆಯಿರಿ ಅಂದರೆ ಅಪ್ಪ ಒಪ್ಪಲಿಲ್ಲ. "ನಮ್ಮೂರಿನ ಗದ್ದೆ ಹೆಸರು ಅಮೆರಿಕದ ಕಂಪ್ಯೂಟರಿಗೆ ಯಾಕೆ?" ಎಂಬ ವಾದ. ಯಂತ್ರದಲ್ಲೇ ಇದ್ದ ಟೆಕ್ಸ್ಟ್ ಎಂಬ ಆ್ಯಪ್‌ನಲ್ಲಿ ಬರೆದು ಡೌನ್‌ಲೋಡ್ಸ್ ಫೋಲ್ಡರಿಗೆ ಉಳಿಸುತ್ತಿದ್ದರು. ಕನ್ನಡ ಕೀಲಿಮಣೆಯನ್ನು ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಟ್ಟಿದ್ದೆ. ನುಡಿಯ ಕೀಲಿಮಣೆಗೆ ಪಳಗಿದ ಬೆರಳಿಗೆ ಅದು ಒಗ್ಗಲು ಹೊತ್ತು ಹಿಡಿಯಿತು. ಇಲ್ಲಿ ಜೂನ್ ತಿಂಗಳಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ. ಅಡುಗೆಮನೆಯ ಮೇಜಿಗೆ ಕೂತು, ತುಟಿ ಅಲ್ಲಾಡಿಸುತ್ತಾ, ಒಂದೊಂದೇ ಅಕ್ಷರ ಕುಟ್ಟುತ್ತಿದ್ದರು. ಯಾವ ಮಕ್ಕಿಗದ್ದೆ ಯಾರದು, ಹಳ್ಳಕ್ಕೆ ಹಾಕಿದ್ದ ಸಂಕ ಎಲ್ಲಿತ್ತು, ಸೊಪ್ಪಿನಬೆಟ್ಟದ ಗಡಿಗೆ ಯಾರ ಯಾರ ನಡುವೆ ಜಗಳವಿತ್ತು, ನೀರು ಏರಿ ಬಂದಾಗ ಯಾವ ಮನೆಯವರು ಯಾವ ಊರಿಗೆ ಎದ್ದುಹೋದರು, ಎಲ್ಲವನ್ನೂ ಮನೆಮನೆಯ ಲೆಕ್ಕದಲ್ಲಿ ಬರೆದಿದ್ದರು. ಬರೆದಷ್ಟನ್ನು ಊಟವಾದ ಮೇಲೆ ನಮಗೆ ಓದಿ ಹೇಳುತ್ತಿದ್ದರು.

ಅಪ್ಪನ ಭಾರತದ ಸಿಮ್ ಇದ್ದ ಫೋನು ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ನನ್ನ ಮೈದುನನ ಹತ್ತಿರ ಇತ್ತು, ಪಿಂಚಣಿಯ ಬ್ಯಾಂಕಿನ ಓಟಿಪಿಗೆಂದು. ಅಪ್ಪ ಒಂದು ದಿನ ಫೋಟೋ ನೋಡಲು ನಮ್ಮ ಯಜಮಾನರ ಫೋನಿನಲ್ಲಿ ತಮ್ಮ ಖಾತೆ ತೆರೆದರು. ಸ್ವೀಡನ್ನಿನಿಂದ ಯಾರೋ ಲಾಗಿನ್ ಆಗಿದ್ದಾರೆ ಎಂಬ ಎಚ್ಚರಿಕೆ ಬೆಂಗಳೂರಿನ ಫೋನಿಗೆ ಹೋಯಿತು. ಅಪ್ಪ ಸ್ವೀಡನ್ನಿನಲ್ಲೇ ಇದ್ದಾರೆಂದು ಅವನಿಗೆ ಗೊತ್ತಿಲ್ಲವೇ? ಒಂದು ಫೋನ್ ಮಾಡಿ ಕೇಳಬಾರದೇ? ಇಲ್ಲ, ಕಳ್ಳರೆಂದುಕೊಂಡು ಪಾಸ್‌ವರ್ಡ್ ಬದಲಿಸಿಬಿಟ್ಟ. ಹಳೆಯದನ್ನು ತನ್ನ ಪಟ್ಟಿಯಿಂದ ಅಳಿಸಿ ಹೊಸದು ಬರೆದುಕೊಂಡ.

ಮರುದಿನ ಕ್ರೋಮ್‌ಬುಕ್ ಅಪ್ಪನನ್ನು ಒಳಗೆ ಬಿಡಲಿಲ್ಲ. ದಿನವೂ ಪಿನ್ ಒತ್ತಿ ತೆರೆಯುವ ರೂಢಿ, ಅವತ್ತು ಪಿನ್ ನಡೆಯಲಿಲ್ಲ. ನಾನು ಆಫೀಸಿನಲ್ಲಿ ಮೀಟಿಂಗ್‌ನಲ್ಲಿದ್ದೆ. ಅಪ್ಪ ಮೈದುನನಿಗೆ ವಿಡಿಯೋ ಕಾಲ್ ಮಾಡಿದರು. ಅವನು ಹೊಸ ಪಾಸ್‌ವರ್ಡ್ ಹೇಳಿದ. ಅದು ಒಪ್ಪಿತು, ಆದರೆ ಪರದೆಯ ಮೇಲೆ ಇನ್ನೊಂದು ಪ್ರಶ್ನೆ ಬಂತು: ನಿಮ್ಮ ಪಾಸ್‌ವರ್ಡ್ ಬದಲಾಗಿದೆ, ಹಳೆಯದನ್ನು ಕೊಡಿ. ಅಪ್ಪನಿಗೆ ನೆನಪಿಲ್ಲ, ಅವನ ಪಟ್ಟಿಯಲ್ಲಿಲ್ಲ. ಕೆಳಗೆ, ಗೊತ್ತಿಲ್ಲದಿದ್ದರೂ ಮುಂದುವರಿಯಿರಿ ಎನ್ನುವ ಆಯ್ಕೆ. ಯಂತ್ರದಲ್ಲಿ ಉಳಿಸಿದ್ದು ಅಳಿಸಿಹೋಗುತ್ತದೆ ಎಂದೂ ಅಲ್ಲಿ ಬರೆದಿತ್ತಂತೆ. ಅಪ್ಪ ಅದನ್ನು ಓದಿ ಕೈ ಹಿಂದೆಗೆದರು. "ಏನೋ ಅಳಿಸ್ತೀನಿ ಅಂತಿದೆಯಲ್ಲ ಮಾರಾಯ?" ಎಂದು ಕೇಳಿದರು.

"ಮಾವ, ನೀವು ಒತ್ತಿ. ಎಲ್ಲ ಕ್ಲೌಡ್‌ನಲ್ಲೇ ಇರತ್ತೆ, ಏನೂ ಹೋಗಲ್ಲ."

ಎಂಜಿನಿಯರ್ ಹೇಳಿದ ಮಾತೆಂದು ಅಪ್ಪ ಒತ್ತಿದರು. ನಾನು ಮನೆಗೆ ಬಂದಾಗ ಅದೇ ಮೇಜಿನ ಮುಂದೆ ಕೂತು ಡೌನ್‌ಲೋಡ್ಸ್ ಫೋಲ್ಡರನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದರು. ಖಾಲಿ. ಡ್ರೈವ್ ನೋಡಿದೆ, ಟ್ರ್ಯಾಶ್ ನೋಡಿದೆ, ಪೆನ್‌ಡ್ರೈವ್ ನೋಡಿದೆ. ರಾತ್ರಿಯೆಲ್ಲ ಹುಡುಕಿದೆ. ಈ ಯಂತ್ರ ಪ್ರತಿಯೊಬ್ಬ ಬಳಕೆದಾರರ ಕಡತಗಳನ್ನೂ ಬೇರೆ ಬೇರೆಯಾಗಿ ಗೂಢಲಿಪಿಯಲ್ಲಿ ಇಡುತ್ತದೆ, ಅದರ ಬೀಗಕ್ಕೂ ಪಾಸ್‌ವರ್ಡಿಗೂ ಗಂಟು. ಕಳ್ಳ ಯಂತ್ರ ಕದ್ದರೂ ಓದಲಾರ. ಖಾತೆಯ ಪಾಸ್‌ವರ್ಡ್ ಬೇರೆಡೆ ಬದಲಾದರೂ ಒಳಗಿನ ಬೀಗ ಹಳೆಯದಕ್ಕೇ ಕಾಯುತ್ತಿರುತ್ತದೆ. ಮುಂದುವರಿಯಿರಿ ಎಂದರೆ ಆ ಕೋಣೆಯನ್ನೇ ಕೆಡವಿ ಹೊಸದು ಕಟ್ಟಿದಂತೆ. ಅಂಗಡಿಯವನು ಇದನ್ನು ಹೇಳಲಿಲ್ಲ, ಮೈದುನನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವನಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ.

ಅಪ್ಪ ಊರಿಗೆ ವಾಪಸಾದ ಮೇಲೆ ತಿಳಿಯಿತು: ಅಮ್ಮನ ಹಾಲಿನ ಲೆಕ್ಕದ ಡೈರಿಯ ಕೊನೆಯ ಪುಟದಲ್ಲಿ ಹಳೆಯ ಪಾಸ್‌ವರ್ಡ್ ಬರೆದಿತ್ತು. ಅಮ್ಮನನ್ನು ಯಾರೂ ಕೇಳಿರಲಿಲ್ಲ.

ಆದ್ದರಿಂದ ಹೇಳುತ್ತೇನೆ. ಹಳೆಯ ಪಾಸ್‌ವರ್ಡ್ ಕೇಳಿದರೆ ಯಂತ್ರ ಆರಿಸಿ ಇಟ್ಟುಬಿಡಿ. ನೀವು ಮುಂದುವರಿಯದ ತನಕ ಒಳಗಿನದು ಒಳಗೇ ಇರುತ್ತದೆ, ಮನೆಮಂದಿಯನ್ನೆಲ್ಲ ಕೇಳಲು ಸಮಯವಿದೆ. ಡೌನ್‌ಲೋಡ್ಸ್‌ನಲ್ಲಿ ಬೆಲೆಬಾಳುವುದನ್ನು ಇಡಬೇಡಿ, ಪವರ್‌ವಾಶ್ ಮಾಡಿ ಯಂತ್ರವನ್ನು ಹೊಸದರಂತಾಗಿಸಿದರೂ ಅದು ಹೋಗುತ್ತದೆ. ಗೆಸ್ಟ್ ಆಗಿ ಕೂತು ಬರೆದದ್ದಂತೂ ಹೊರಬಂದ ಕೂಡಲೇ ಇಲ್ಲ. ಈಚಿನ ಆವೃತ್ತಿಗಳಲ್ಲಿ ಯಂತ್ರದೊಳಗಿನ ಕಡತಗಳನ್ನು ಮರಳಿ ಪಡೆಯುವ ಆಯ್ಕೆ ಬಂದಿದೆ, ಸೆಟ್ಟಿಂಗ್ಸ್‌ನಲ್ಲಿ ನೋಡಿ ಆನ್ ಮಾಡಿ. ಹಿರಿಯರ ನುಡಿ, ಬರಹದ ಕಡತಗಳನ್ನು ವಿಂಡೋಸ್ ಯಂತ್ರ ನಡೆಯುತ್ತಿರುವಾಗಲೇ ಯೂನಿಕೋಡ್‌ಗೆ ತನ್ನಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಆ ಮಾದರಿಗೆ ಅಪ್‌ಡೇಟ್ ಯಾವ ವರ್ಷದವರೆಗೆ ಸಿಗುತ್ತದೆಂದು ನೋಡಿಕೊಳ್ಳಿ. ಇಲ್ಲಿ ಜಾಲದಲ್ಲಿ ಗುರುತು ತೋರಿಸಲು ಬಳಸುವ ಬ್ಯಾಂಕ್‌ಐಡಿಯ ಕಂಪ್ಯೂಟರ್ ಪ್ರೋಗ್ರಾಂ ವಿಂಡೋಸ್ ಮತ್ತು ಮ್ಯಾಕ್‌ಗೆ ಮಾತ್ರ. ಸ್ವೀಡನ್ನಿನಲ್ಲಿ ತೆರಿಗೆಯಿಂದ ಆಸ್ಪತ್ರೆಯವರೆಗೆ ಬಹುತೇಕ ಎಲ್ಲಕ್ಕೂ ಬ್ಯಾಂಕ್‌ಐಡಿ ಬೇಕು, ಹಾಗಾಗಿ ಫೋನು ಜೊತೆಗಿರಲಿ.

ಅಪ್ಪ ಕಳೆದುಹೋದ ಅರ್ಧವನ್ನು ಗೆರೆಹಾಳೆಯ ನೋಟ್‌ಬುಕ್ಕಿನಲ್ಲಿ ಮತ್ತೆ ಬರೆಯುತ್ತಿದ್ದಾರೆ. ಮೊದಲಿನಷ್ಟು ಗದ್ದೆಗಳ ಹೆಸರು ಈ ಸಲ ಬಂದಿಲ್ಲ. ಮರೆತದ್ದನ್ನು ಕೇಳಲು ಊರಿನ ಹಳೆಯ ಮನೆತನದವರಿಗೆ ಫೋನ್ ಮಾಡುತ್ತಾರೆ, ಅವರಲ್ಲೂ ಹಲವರು ಈಗಿಲ್ಲ. ಪುಟಗಳ ಫೋಟೋ ಮೈದುನನಿಗೆ ಹೋಗುತ್ತದೆ. ಅವನೇ ಕೂತು ಟೈಪ್ ಮಾಡಿ, ಪ್ರತಿ ಭಾನುವಾರ ನನಗೆ ಕಳಿಸಬೇಕೆಂದು ಕಟ್ಟುಮಾಡಿದ್ದೇನೆ.