ಸಿಪ್ಪೆಗೆ ಮೊದಲ ದಿನದ ಆರೈಕೆ

ಮಗಾ, ಓದು ಮುಗಿಸಿ ಕಳಸದ ತೋಟಕ್ಕೆ ಮರಳಿದ್ದೀಯ. ಕಾಫಿ ಸಿಪ್ಪೆಯಿಂದ ಕರುಳಿಗೆ ಹಿತವಾದ ಪ್ರಿಬಯೋಟಿಕ್ ನಾರು ತೆಗೆಯಬೇಕೆನ್ನುತ್ತೀಯ. ಒಳ್ಳೆಯ ಯೋಚನೆ. ಯಂತ್ರಕ್ಕೆ ದುಡ್ಡು ಹಾಕುವ ಮೊದಲು ಹಿರಿಯರ ಮಾತೊಂದು ಕೇಳು.

ಹಣ್ಣಿನ ತೂಕದಲ್ಲಿ ಸುಮಾರು ಶೇ. 40ರಷ್ಟು ಭಾಗ, ಹಣ್ಣಿನಿಂದ ಬೀಜ ಬಿಡಿಸುವ ಯಂತ್ರವಾದ ಪಲ್ಪರ್‌ನಿಂದ ಸಿಪ್ಪೆಯಾಗಿ ಹೊರಬೀಳುತ್ತದೆ. ಅದು ಕೊಳೆತ ನೀರು ಹಳ್ಳಕ್ಕಿಳಿದರೆ ಭದ್ರಾ ನದಿಗೂ ಕೇಡು. ಅದೇ ಸಿಪ್ಪೆಯ ನಾರಿನಲ್ಲಿ ಕ್ಸೈಲಾನ್ ಎಂಬ ಅಂಶವಿದೆ. ಕ್ಸೈಲನೇಸ್ ಕಿಣ್ವದಿಂದ ಅದನ್ನು ತುಂಡರಿಸಿದರೆ ಕ್ಸೈಲೋ-ಆಲಿಗೋಸ್ಯಾಕರೈಡ್‌ಗಳು ಸಿಗುತ್ತವೆ. ಸಣ್ಣಕರುಳು ಇವನ್ನು ಅರಗಿಸದು; ದೊಡ್ಡಕರುಳಿನ ಬೈಫಿಡೋಬ್ಯಾಕ್ಟೀರಿಯಗಳಿಗೆ ಇವೇ ಊಟ. ಅಲ್ಲಿ ನಾರು ಹುದುಗಿ ಹುಟ್ಟುವ ಬ್ಯುಟಿರೇಟ್ ಕರುಳಿನ ಒಳಪದರವನ್ನು ಪೋಷಿಸುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಕಾಫಿಯ ಉಳಿಕೆಯ ಮೇಲೆಯೇ ಶಿಲೀಂಧ್ರ ಬೆಳೆಸಿ ಈ ಕಿಣ್ವ ಪಡೆದಿದ್ದಾರೆ. ಒಣಗಿಸಿದ ಕಾಫಿ ಸಿಪ್ಪೆಯನ್ನು ಪಾನೀಯಕ್ಕೆ ಬಳಸಲು ಯುರೋಪಿಯನ್ ಒಕ್ಕೂಟ 2022ರಲ್ಲಿ ಅನುಮತಿ ಕೊಟ್ಟಿದೆ.

ಆದರೆ ನೆನಪಿಡು: ಗುಂಡಿಯಲ್ಲಿ ರಾಶಿ ಬಿದ್ದ ಸಿಪ್ಪೆ ಗೊಬ್ಬರವಾದೀತು, ಆಹಾರವಾಗದು. ಒಂದೇ ದಿನದಲ್ಲಿ ಅದು ಹುಳಿಯತೊಡಗುತ್ತದೆ, ಬಳಿಕ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು ಬಿಡುವ ಆಕ್ರಾಟಾಕ್ಸಿನ್ ಎಂಬ ವಿಷ ಮೂತ್ರಪಿಂಡಕ್ಕೆ ಕೆಟ್ಟದ್ದು, ಕುದಿಸಿದರೂ ಪೂರ್ತಿ ಹೋಗದು. ಗಿಡಕ್ಕೆ ಹೊಡೆದ ಔಷಧಿ ಮೊದಲು ಕೂರುವುದೂ ಸಿಪ್ಪೆಯ ಮೇಲೆಯೇ. ಆದ್ದರಿಂದ ಆಹಾರಕ್ಕೆಂದು ತೋಟದ ಒಂದು ಪಟ್ಟಿಯನ್ನು ಬೇರೆ ಇಡು. ಅಲ್ಲಿ ಪೂರ್ತಿ ಕೆಂಪಾದ ಹಣ್ಣನ್ನಷ್ಟೇ ಕುಯ್ಯಿಸು, ತೊಳೆಸು, ಪಲ್ಪ್ ಮಾಡಿದ ದಿನವೇ ಸಿಪ್ಪೆಯನ್ನು ತೆಳ್ಳಗೆ ಹರವಿ ಒಣಗಿಸು. ಸಿಂಪಡಣೆಯ ಲೆಕ್ಕ ಬರೆದಿಡು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ನಮ್ಮ ಪಕ್ಕದಲ್ಲೇ ಇದೆ. ಆ ಲೆಕ್ಕವನ್ನು ಅಲ್ಲಿಯವರ ಮುಂದಿಟ್ಟು ಸಲಹೆ ಕೇಳು.

ಇನ್ನೊಂದು ಮಾತು. ಎಲ್ಲ ನಾರೂ ಪ್ರಿಬಯೋಟಿಕ್ ಅಲ್ಲ. ಒಳ್ಳೆಯ ಸೂಕ್ಷ್ಮಜೀವಿಗಳು ಅದನ್ನು ಬಳಸಿಕೊಂಡು, ಮನುಷ್ಯನಿಗೆ ಒಳಿತಾದದ್ದು ಪರೀಕ್ಷೆಯಲ್ಲಿ ತೋರಬೇಕು. ಒಣಸಿಪ್ಪೆಯ ಪುಡಿಗೆ ಆ ಹೆಸರು ಅಂಟಿಸಿ ಮಾರಬೇಡ. ಅದರಲ್ಲಿ ಕೆಫೀನ್, ಟ್ಯಾನಿನ್‌ಗಳೂ ಇರುತ್ತವೆ. ಪ್ರಯೋಗಾಲಯದ ವರದಿ, ಆಹಾರ ಸುರಕ್ಷತಾ ಪ್ರಾಧಿಕಾರದ ಅನುಮತಿ ಎರಡೂ ಕೈಗೆ ಬರಲಿ. ಗಿರಾಕಿಯ ಹೊಟ್ಟೆಯ ಮೇಲೆ ಪ್ರಯೋಗ ಸಲ್ಲದು.

ಈ ಕುಯ್ಲಿಗೆ ಕಿಣ್ವ, ಯಂತ್ರ ಯಾವುದೂ ಬೇಡ. ಪಲ್ಪರ್ ಪಕ್ಕದಲ್ಲಿ ನೆಲಕ್ಕೆ ತಾಗದ ಜಾಲರಿ ಮಂಚ ಹಾಕಿಸು, ಶುದ್ಧವಾದ ಒಂದು ಮೂಟೆ ಸಿಪ್ಪೆ ಒಣಗಿಸಿ ಪರೀಕ್ಷೆಗೆ ಕಳಿಸು. ಅದು ಪಾಸಾದರೆ ಮಾತ್ರ ಮುಂದಿನ ಹೆಜ್ಜೆ ಇಡು.