ಮಿಕ್ಕ ದುಡ್ಡು ಓದಿಗೇ ಇರಲಿ

ಡಿಗ್ರಿ ಮುಗಿಸಿದ ಮಕ್ಕಳ ತಂದೆತಾಯಿ ನಮ್ಮ ತೂಬಗೆರೆ ಕಡೆ ಮೊದಲು ವಿಚಾರಿಸುವುದು ಫೀಸು ಎಷ್ಟು ಅಂತ. ಆದರೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎ., ಎಂ.ಕಾಂ. ಓದಿಸುವ ಮನೆಯನ್ನು ಸುಸ್ತು ಮಾಡುವುದು ಫೀಸಲ್ಲ, ತಿಂಗಳು ತಿಂಗಳೂ ಕೈಬಿಟ್ಟು ಹೋಗುವ ಬಾಡಿಗೆ, ಊಟ, ಓಡಾಟದ ಖರ್ಚು. ಫೀಸಿಗೆಂದು ಒಡವೆ ಅಡ ಇಡುವವರು ಕಡಿಮೆ. ಬೆಂಗಳೂರಿನ ಪಿ.ಜಿ. ಬಾಡಿಗೆಗೆ ಅಡ ಇಟ್ಟವರನ್ನು ನಾನು ಬಲ್ಲೆ.

ನಾನು ಬಿ.ಕಾಂ. ಓದಿದ್ದು ದೊಡ್ಡಬಳ್ಳಾಪುರದಲ್ಲಿ, ಬಸ್ ಪಾಸ್ ಮಾಡಿಸಿಕೊಂಡು ಮನೆಯಿಂದಲೇ ಓಡಾಡಿ. ಎಂ.ಕಾಂ.ಗೆ ಎರಡು ದಾರಿ ಇದ್ದವು. ಒಂದು ಬೆಂಗಳೂರು ವಿಶ್ವವಿದ್ಯಾಲಯದ ಮುಖ್ಯ ಆವರಣ ಜ್ಞಾನಭಾರತಿ, ಇನ್ನೊಂದು ಅದೇ ವಿಶ್ವವಿದ್ಯಾಲಯದ ಕೋಲಾರದ ಸ್ನಾತಕೋತ್ತರ ಕೇಂದ್ರ. ಆಗ ನಮ್ಮ ಮನೆ ನಡೆಯುತ್ತಿದ್ದುದು ಡೇರಿಗೆ ಹಾಕುವ ಹಾಲಿನ ದುಡ್ಡಿನಲ್ಲಿ. ಒಂದು ಸಂಜೆ ಅಪ್ಪ ಅಮ್ಮನ ಎದುರು ಕೂತು ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಬೆಂಗಳೂರು, ಬಲಕ್ಕೆ ಕೋಲಾರ. ಫೀಸಿನ ಸಾಲಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ರೂಮು, ಊಟ, ಓಡಾಟ ಬರೆದು ಕೂಡಿದಾಗ ಎಡಗಡೆಯ ಮೊತ್ತ ಬಲಗಡೆಯದರ ದುಪ್ಪಟ್ಟು ದಾಟಿತ್ತು.

ಅಮ್ಮ ಕೇಳಿದ್ದು ಒಂದೇ ಮಾತು: ‘ಸರ್ಟಿಫಿಕೇಟ್ ಮೇಲೆ ಹೆಸರು ಒಂದೇನಾ ಮಗ?’

‘ಒಂದೇ ಅಮ್ಮ.’

‘ಹಂಗಾದ್ರೆ ಕೋಲಾರಕ್ಕೇ ಹೋಗು. ಮಿಕ್ಕ ದುಡ್ಡು ನಿನ್ನ ಓದಿಗೇ ಇರ್ಲಿ, ಮನೆ ಖರ್ಚಿಗೆ ನಾವು ಮುಟ್ಟಲ್ಲ.’

ಆ ಕೊನೆಯ ಮಾತೇ ನನ್ನ ಬದುಕನ್ನು ದಡ ಮುಟ್ಟಿಸಿತು. ಕೋಲಾರದಲ್ಲಿ ಗೆಳೆಯರ ಜೊತೆ ರೂಮು ಹಂಚಿಕೊಂಡೆ. ರಾಗಿಹಿಟ್ಟು, ಸಾರಿನ ಪುಡಿ, ಅವರೆಕಾಳು ಊರಿಂದ ಬರುತ್ತಿತ್ತು. ಎಪಿಎಂಸಿಯಲ್ಲಿ ಬೆಲೆ ಬಿದ್ದ ದಿನಗಳಲ್ಲಿ ಟೊಮೆಟೊಗೆ ಖರ್ಚೇ ಇರಲಿಲ್ಲ. ಹೀಗೆ ಉಳಿದದ್ದನ್ನು ಬೇರೆ ಉಳಿತಾಯ ಖಾತೆಗೆ ಹಾಕುತ್ತಾ ಹೋದೆ. ಟ್ಯಾಲಿ ಮತ್ತು ತೆರಿಗೆ ಲೆಕ್ಕದ ಕೋರ್ಸು, ನೆಟ್ ಪರೀಕ್ಷೆಯ ಪುಸ್ತಕಗಳು, ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಕೂತು ಓದಲು ಬೆಂಗಳೂರಿಗೆ ಹೋಗಿಬರುವ ಖರ್ಚು, ಎಲ್ಲವೂ ಆ ಖಾತೆಯಿಂದಲೇ. ನನಗೆ ಮೊದಲ ಕೆಲಸ ಕೊಡಿಸಿದ್ದು ಎಂ.ಕಾಂ. ಜೊತೆಗೆ ಕಲಿತ ಆ ತೆರಿಗೆ ಲೆಕ್ಕ.

ಸಣ್ಣ ಕ್ಯಾಂಪಸ್ಸಿಗೆ ಮಕ್ಕಳನ್ನು ಕಳಿಸುವವರು ಇದನ್ನು ಗಮನಿಸಬೇಕು. ಅಲ್ಲಿ ತರಗತಿ ಚಿಕ್ಕದು, ಮೇಷ್ಟ್ರಿಗೆ ಪ್ರತಿ ವಿದ್ಯಾರ್ಥಿಯ ಹೆಸರೂ ಗೊತ್ತಿರುತ್ತದೆ. ಅದು ದೊಡ್ಡ ಲಾಭ. ಆದರೆ ದೊಡ್ಡ ಆವರಣದಲ್ಲಿ ತಾನಾಗಿ ಸಿಗುವ ದೊಡ್ಡ ಗ್ರಂಥಾಲಯ, ವಿಚಾರ ಸಂಕಿರಣ, ಕ್ಯಾಂಪಸ್ ಸಂದರ್ಶನಗಳನ್ನು ಸಣ್ಣ ಕಡೆ ನಾವೇ ಹುಡುಕಿಕೊಂಡು ಹೋಗಬೇಕು. ಅದಕ್ಕೆ ಖರ್ಚಿದೆ. ಉಳಿದ ದುಡ್ಡನ್ನು ಹಸು ತರಲೋ ಚೀಟಿ ಕಟ್ಟಲೋ ಬಳಸಿಬಿಟ್ಟರೆ ಅದು ಉಳಿತಾಯವಲ್ಲ, ಮಗುವಿನ ಓದಿನಲ್ಲಿ ಮಾಡಿದ ಕಡಿತ.

ಸಾಲದ ಲೆಕ್ಕವನ್ನೂ ನೋಡಿ. ಮೊದಲ ವರ್ಷ 1 ಲಕ್ಷ, ಎರಡನೇ ವರ್ಷ 1 ಲಕ್ಷ ಶಿಕ್ಷಣ ಸಾಲ ತೆಗೆದಿರಿ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ಸರಳ ಬಡ್ಡಿಯಲ್ಲೇ ಮೊದಲ ಲಕ್ಷಕ್ಕೆ ಮೂರು ವರ್ಷದ್ದು 30,000, ಎರಡನೆಯದಕ್ಕೆ 20,000. ಮೊದಲ ಕಂತು ಕಟ್ಟುವ ಹೊತ್ತಿಗೆ 2 ಲಕ್ಷದ ಸಾಲ ಎರಡೂವರೆ ಲಕ್ಷವಾಗಿರುತ್ತದೆ. ಬರೀ ವಾಸದ ಖರ್ಚಿಗೆ ಇಷ್ಟು ಸಾಲ ಮಾಡುವ ಮುನ್ನ ಹತ್ತಿರದ ಕ್ಯಾಂಪಸ್ಸಿನ ಖರ್ಚಿನ ಪಟ್ಟಿಯನ್ನೂ ಬರೆದು ನೋಡಿ.

ಬರಬೇಕಾದ ನೆರವನ್ನು ಬಿಡಬೇಡಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1,500ರಂತೆ 10 ತಿಂಗಳು ಊಟ-ವಸತಿ ನೆರವು ನಿಗದಿಯಾಗಿತ್ತು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದುವ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ಎಂದು ಗೊತ್ತುಮಾಡಿದ್ದರು. ಇದಕ್ಕೆ ಅಪ್ಪ ಅಥವಾ ಅಮ್ಮನ ಪಹಣಿ ಸೇರಿಸಿದ ರೈತರ ಗುರುತಿನ ಸಂಖ್ಯೆ (ಎಫ್‌ಐಡಿ) ಬೇಕು. ಈ ವರ್ಷದ ನಿಯಮ, ಮೊತ್ತ ವಿಚಾರಿಸಿಯೇ ಅರ್ಜಿ ಹಾಕಿ. ತೂಬಗೆರೆ ಹೋಬಳಿ ಕೇಂದ್ರ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಊರಲ್ಲೇ ಇದೆ. ರಿಸಲ್ಟ್ ಬರುವ ಮೊದಲೇ ಮಾಡಿಸಿಡಿ, ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ, ಹಾಗಾಗಿ ಅವರ ಪಟ್ಟಿಯಲ್ಲಿ ಓಡಾಟದ ಸಾಲು ಬಹುಪಾಲು ಅಳಿಸಿಹೋಗಿದೆ.

ಸರ್ಟಿಫಿಕೇಟ್ ಮೇಲಿನ ಹೆಸರಿನ ಬಗ್ಗೆ ಅಮ್ಮ ಕೇಳಿದ ಪ್ರಶ್ನೆಯನ್ನು ಇವತ್ತು ಎಲ್ಲರೂ ಕೇಳಲೇಬೇಕು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾಯಿತು, ಕೋಲಾರ ಈಗ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕೇಂದ್ರ. ಹಾಸನ, ಮಂಡ್ಯ, ಕೊಡಗಿನ ಸ್ನಾತಕೋತ್ತರ ಕೇಂದ್ರಗಳೂ ಬೇರೆ ವಿಶ್ವವಿದ್ಯಾಲಯಗಳಾದವು. ಅಂಥ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಸರ್ಕಾರದ ಮಟ್ಟದಲ್ಲೇ ನಡೆಯಿತು. ಪದವಿ ಯಾವ ಹೆಸರಿನಲ್ಲಿ ಬರುತ್ತದೆ, ನಿಮ್ಮ ವಿಷಯಕ್ಕೆ ಕಾಯಂ ಅಧ್ಯಾಪಕರಿದ್ದಾರೆಯೇ ಎಂದು ದಾಖಲಾತಿಗೆ ಮುನ್ನವೇ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಸಣ್ಣ ಕೇಂದ್ರಗಳನ್ನು ಉಳಿಸಿ, ಮೇಷ್ಟ್ರನ್ನು ಕೊಡಿ ಎಂದು ಸರ್ಕಾರವನ್ನೂ ಕೇಳೋಣ. ನಮ್ಮಂಥ ಮನೆಗಳ ಮಕ್ಕಳು ಸಾಲವಿಲ್ಲದೆ ಓದುವುದು ಅಲ್ಲೇ.

ಈ ವರ್ಷ ಮಗನನ್ನೋ ಮಗಳನ್ನೋ ಹತ್ತಿರದ ಕ್ಯಾಂಪಸ್ಸಿಗೆ ಸೇರಿಸುತ್ತಿದ್ದೀರಾ? ಅದೇ ವಾರ ಅವರ ಹೆಸರಲ್ಲೊಂದು ಉಳಿತಾಯ ಖಾತೆ ತೆರೆಯಿರಿ. ಬೆಂಗಳೂರಿನ ಬಾಡಿಗೆಗೆ ಕೊಡಬೇಕಿದ್ದ ದುಡ್ಡಿನಲ್ಲಿ ಅರ್ಧವಾದರೂ ಪ್ರತಿ ತಿಂಗಳು ಅದಕ್ಕೆ ಹಾಕಿ.